ಅಣ್ಣನ ಅಳತೆಗೆ ಕೊಟ್ಟ ತೂಕ

ವೀಕ್ಷಣಾಲಯದ ಲೆಕ್ಕದ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಸರಾಸರಿ ಅಕ್ಕ. ಹೆಸರಿಗೆ ತಕ್ಕ ಹಾಗೆ ಅವಳು ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಹತ್ತು ಸಲ ಹೇಳಿಸಿ, ಕೂಡಿಸಿ, ಭಾಗಿಸಿದ ಮೇಲೇ ತಲೆಯಾಡಿಸುವುದು. ಒಬ್ಬ ಅಣ್ಣನನ್ನು ಬಿಟ್ಟು.

ಅಣ್ಣನಿಗೂ ಅಲ್ಲೇ ಕೆಲಸ, ಜೋಡಿ ನಕ್ಷತ್ರಗಳನ್ನು ಅಳೆಯುವುದು. ಒಂದರ ಸುತ್ತ ಒಂದು ತಿರುಗುವ ಜೋಡಿಯಲ್ಲಿ, ದೊಡ್ಡದರಿಂದ ಚಿಕ್ಕದು ಯಾವ ಕೋನದಲ್ಲಿದೆ ಎಂದು ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿ ಬರೆಯಬೇಕು. ಒಂದು ಸುತ್ತು ಮುಗಿಯಲು ನೂರಾರು ವರ್ಷ; ಅಳೆಯುವವನ ಆಯುಸ್ಸು ಸಾಲುವುದಿಲ್ಲ. ಆದ್ದರಿಂದ ಹಲವರ ಅಳತೆಗಳನ್ನು ಕಲೆಹಾಕಿ ಜೋಡಿಯ ಹಾದಿ ಕಂಡುಹಿಡಿಯುವುದು ತಂಗಿಯ ಪಾಲಿನ ಕೆಲಸ. ಎಲ್ಲರ ಕಣ್ಣೂ ಒಂದೇ ಥರ ಇರುವುದಿಲ್ಲವಲ್ಲ, ಯಾರ ಅಳತೆಯಲ್ಲಿ ಏರುಪೇರು ಕಮ್ಮಿಯೋ ಅವರಿಗೆ ಲೆಕ್ಕದಲ್ಲಿ ತೂಕ ಜಾಸ್ತಿ.

ಹದಿನಾಲ್ಕು ವರ್ಷದ ಕೆಳಗೆ ಒಂದು ದಿನ ಅಣ್ಣ ಊಟಕ್ಕೆ ಕೂತಾಗ ಗೊಣಗಿದ. "ನಾನು ಅಳೀತಿರೋ ಜೋಡೀಲಿ ಚಿಕ್ಕ ನಕ್ಷತ್ರ ತೀರಾ ಮಂಕು ಕಣೇ. ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ."

ಮಾರನೆಯ ದಿನದಿಂದ, ಯಾವ ರಾತ್ರಿ ಏನನ್ನು ಅಳೆಯಬೇಕೆಂದು ಅವನಿಗೆ ಹೋಗುವ ಚೀಟಿಯ ಅಂಚಿನಲ್ಲಿ ಅವಳು ತನ್ನ ಲೆಕ್ಕದ ಪ್ರಕಾರ ಬರಬೇಕಾದ ಕೋನವನ್ನೂ ಪೆನ್ಸಿಲಿನಲ್ಲಿ ಬರೆದಳು. ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಅಳೆಯುವವನಿಗೆ ಉತ್ತರ ಮೊದಲೇ ಹೇಳಬಾರದು ಎಂದು ಹೊಸಬರ ಕಿವಿ ಹಿಂಡುತ್ತಿದ್ದವಳೇ ಅವಳು. ಆದರೆ ಬುದ್ಧಿವಾದವೆಲ್ಲ ಊರಿನವರಿಗೆ ತಾನೆ, ಮನೆಯವರಿಗೆ ಯಾರು ಹೇಳುತ್ತಾರೆ!

ಅಂದಿನಿಂದ ಅಣ್ಣನ ಏರುಪೇರು ಇಳಿಯಿತು. ಅದೇ ಜೋಡಿಯನ್ನು ಅಳೆಯುವ ಬೇರೆ ಮೂವರ ಅಳತೆಗಳು ಐದೈದು ಡಿಗ್ರಿ ಅತ್ತಿತ್ತ ಓಲಾಡಿದರೆ ಅವನದು ಅರ್ಧ ಡಿಗ್ರಿ. ಅವರಿಗೆ ಒಂದೊಂದು ತೂಕವಾದರೆ ಅವನಿಗೆ ನೂರು. ವಾರದ ಪಟ್ಟಿಯ ಕೆಳಗೆ ಅವಳು 'ಭೇಷ್' ಎಂದು ಬರೆದು ಕಳಿಸುತ್ತಿದ್ದಳು. ಮೂವರಲ್ಲಿ ಒಬ್ಬ, ಕನ್ನಡಕದವನು, ಒಮ್ಮೆ ಮೆಲ್ಲಗೆ ಹೇಳಿದ್ದ: "ಅಕ್ಕಾ, ಅಷ್ಟು ಚೆನ್ನಾಗಿ ಯಾರಿಗೂ ಕಾಣಲ್ಲ."

"ನಿಮಗೆ ಹೊಟ್ಟೆಕಿಚ್ಚು," ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಎರಡು ವರ್ಷದ ಹಿಂದೆ ಅಣ್ಣ ನಿವೃತ್ತನಾದ. ಆಮೇಲೆ ತಿಂಗಳೊಪ್ಪತ್ತಿನಲ್ಲಿ ಬಾಗಿಲಿಗೆ ಹಣೆ ಬಡಿದುಕೊಂಡ. ಕಣ್ಣಿನ ಡಾಕ್ಟರು ನೋಡಿ, ನರ ಒಣಗಿಹೋಗಿದೆ, ಹತ್ತು ವರ್ಷ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಈಗ ಅವನಿಗೆ ಬೆಳಕು ಯಾವುದು, ಕತ್ತಲು ಯಾವುದು ಎನ್ನುವಷ್ಟು ಮಾತ್ರ ಗೊತ್ತಾಗುತ್ತದೆ. ತಂಗಿಯ ಮನೆಯ ಹೊರಕೋಣೆಯಲ್ಲಿ ಕೂತು ದಿನಾ ಒಂದೇ ಪ್ರಶ್ನೆ: "ಪುಸ್ತಕ ಬಂತಾ?" ಅಚ್ಚಾಗಲಿರುವ ನಕ್ಷತ್ರಪಟ್ಟಿಯ ಆ ಪುಸ್ತಕದಲ್ಲಿ ಆ ಜೋಡಿಯ ಹಾದಿಯ ಕೆಳಗೆ ಅವನ ಹೆಸರು ಬರಬೇಕಿತ್ತು. ಮದುವೆ, ಮಕ್ಕಳು ಏನೂ ಇಲ್ಲದ ಜೀವ. ಬಾಳಿನಲ್ಲಿ ಅವನು ಗಳಿಸಿದ್ದು ಅದೊಂದೇ ಸಾಲು.

ಪಟ್ಟಿ ಅಚ್ಚಿಗೆ ಹೋಗುವ ವಾರ ಹೊಸ ಕ್ಯಾಮೆರಾ ನೋಡಿಕೊಳ್ಳುವ ಹುಡುಗಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು. "ಅಕ್ಕಾ, ನೀವು ಹೇಳಿದ ಜಾಗದಲ್ಲಿ ಚಿಕ್ಕದು ಇಲ್ಲ. ಹನ್ನೊಂದು ಡಿಗ್ರಿ ಆಚೆ ಇದೆ."

ಅವಳು ಹಳೆಯ ಚೀಟಿಗಳನ್ನೆಲ್ಲ ಹರವಿಕೊಂಡು ಕೂತಳು. ಮೂವರ ಅಳತೆಗಳು ಓಲಾಡುತ್ತಲೇ, ವರ್ಷ ವರ್ಷ ನಿಜವಾದ ನಕ್ಷತ್ರದ ಹಿಂದೆ ಹೋಗಿದ್ದವು. ಅಣ್ಣನದು ಮಾತ್ರ ಅವಳ ಪೆನ್ಸಿಲಿನ ಹಿಂದೆಯೇ ಬಂದಿತ್ತು. ಅವಳ ಹಳೆಯ ಲೆಕ್ಕ ಅವನ ಕೈಗೆ, ಅವನ ಕೈಯಿಂದ ಮತ್ತೆ ಅವಳ ಲೆಕ್ಕಕ್ಕೆ. ಗಾಣದ ಎತ್ತು ಹನ್ನೆರಡು ವರ್ಷ ಸುತ್ತಿತ್ತು. ಆ ವರ್ಷಗಳ ಅವನ ಅಳತೆಗಳಿಗೆಲ್ಲ ಅವಳು ಸೊನ್ನೆ ತೂಕ ಹಾಕಿದಳು. ಉಳಿದ ಅಳತೆಗಳು ಸಾಲದೆ, ಪಟ್ಟಿಯಿಂದ ಅವನ ಹೆಸರು ತಾನಾಗಿಯೇ ಬಿದ್ದುಹೋಯಿತು. ಅವಳಿಗೆ ಅವನ ಮೇಲೆ ಸಿಟ್ಟು ಉಕ್ಕಿ ಬಂತು.

ಮಧ್ಯಾಹ್ನ ಮನೆಗೆ ಬಂದು ತಟ್ಟೆಗೆ ಬಡಿಸಿ ಕೇಳಿದಳು. "ಅಣ್ಣಾ, ಚೀಟೀಲಿ ನಾನು ಬರೀತಿದ್ದ ಕೋನ ನೋಡ್ಕೊಂಡು ಅಳೀತಿದ್ದೆಯಾ?"

"ಅಳೆಯೋದೆಲ್ಲಿ ಬಂತು?" ಅಣ್ಣ ನಕ್ಕ. "ಚಿಕ್ಕದು ನಂಗೆ ಕಾಣ್ತಾನೇ ಇರಲಿಲ್ಲವಲ್ಲ. ನಿನ್ನ ಅಂಕಿಗೇ ಒಂದಿಷ್ಟು ಸೇರಿಸಿ, ಒಂದಿಷ್ಟು ಕಳೆದು ಬರೀತಿದ್ದೆ."

"ಯಾವಾಗಿಂದ?"

"ನೀನು ಬರೆಯೋಕೆ ಶುರು ಮಾಡಿದಾಗಿಂದ. ಗೊತ್ತಾಗೇ ಅಲ್ವಾ ನೀನು ಬರೆದಿದ್ದು? ಕಣ್ಣು ಹೋಗ್ತಿದೆ, ಕೆಲಸ ಹೋಗದಿರಲಿ ಅಂತ? ಬಾಯಿಬಿಟ್ಟು ಕೇಳದೆ ಮಾನ ಉಳಿಸಿದಳಲ್ಲ ಅಂತ ಎಷ್ಟು ಸಲ ಅಂದ್ಕೊಂಡಿದೀನಿ."

ಪ್ರತಿ ವಾರ ಆ ಅಂಕಿಗಳು ಅವಳ ಮೇಜಿಗೇ ಬಂದಿದ್ದವು. ಅಷ್ಟು ಕಮ್ಮಿ ಏರುಪೇರು ನೋಡುವ ಕಣ್ಣಿನದಲ್ಲ ಎಂದು ಕನ್ನಡಕದವನಿಗೆ ಹೊಳೆದಿತ್ತು, ಅವಳಿಗೆ ಹೊಳೆಯಲಿಲ್ಲ. ಅಣ್ಣ ಕುರುಡಾಗುತ್ತಿದ್ದಾನೆ ಎಂದು ಕಾಗದವೇ ಹೇಳುತ್ತಿತ್ತು; ಅದರ ಕೆಳಗೆ ಅವಳು ಭೇಷ್ ಎಂದು ಬರೆದಿದ್ದಳು.

ಅವಳು ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಅಣ್ಣನ ನಗು ಇಳಿಯಿತು.

"ನಿಂಗೆ ಗೊತ್ತಿರಲಿಲ್ವಾ?"

"ಇಲ್ಲ ಅಣ್ಣಾ."

"ಈಗ ಎಷ್ಟು ತೂಕ ಕೊಟ್ಟೆ?"

"ಸೊನ್ನೆ."

"ಭೇಷ್ ಅಂದಿದ್ದೆಯಲ್ಲೇ, ಆ ವರ್ಷಗಳಿಗೇನಾ?"

"ಅವಕ್ಕೇ."

ಅವನು ನೀರಿನ ಲೋಟಕ್ಕೆ ಕೈ ಚಾಚಿ ಮೇಜು ತಡಕಾಡಿದ. ಲೋಟ ಒಂದು ಗೇಣು ಆಚೆಗಿತ್ತು.

"ಬಲಗಡೆ, ಅಣ್ಣಾ. ಇನ್ನೂ ಸ್ವಲ್ಪ..."

"ನೀನು ಹೇಳಬೇಡ," ಎಂದ ಅವನು. "ನಾನೇ ಹುಡುಕ್ಕೋತೀನಿ."