ಕೀ ಕೊಡದೆ ಓಡಿದ ವಾಚು

ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ನನ್ನ ವಾಚ್ ರಿಪೇರಿ ಅಂಗಡಿ. ನನ್ನ ಹೆಸರು ಸತ್ಯಮೂರ್ತಿ. ಬಾಯಿ ಸ್ವಲ್ಪ ಜೋರು ಎಂದು ಊರಿಗೆಲ್ಲ ಗೊತ್ತು. ವಾಚನ್ನು ಬಾವಿಯಲ್ಲಿ ಅದ್ದಿ ತಂದು 'ತಾನೇ ನಿಂತೋಯ್ತು ಸ್ವಾಮಿ' ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಟ್ಟ ವಾಚನ್ನು ಕೆಟ್ಟಂತೆಯೇ ಮುಚ್ಚಿ ಕೊಟ್ಟವನಲ್ಲ ನಾನು. ನನ್ನ ಈ ಜಂಬದಿಂದ ಒಬ್ಬ ಹೆಂಗಸಿಗೆ ಏನಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

೧೯೫೮ರ ಕಾರ್ತೀಕ, ಒಂದು ಗುರುವಾರ ಬೆಳಿಗ್ಗೆ ಬೆಟ್ಟದ ಬುಡದ ಕಳವಾರದಿಂದ ಇಬ್ಬರು ಬಂದರು. ಮುಂದೆ ಚೆನ್ನರಾಯಪ್ಪ, ಹೊಲಗದ್ದೆಯುಳ್ಳ ಮನೆಯ ಯಜಮಾನ. ಹಿಂದೆ ಅವನ ತಮ್ಮ ರಾಮಾಂಜಿನಪ್ಪನ ಹೆಂಡತಿ ಆದಿಲಕ್ಷ್ಮಮ್ಮ. ಮೂವತ್ತು ದಾಟಿರಲಾರದು, ಹಣೆಯಲ್ಲಿ ಕಾಸಗಲ ಕುಂಕುಮ. ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಚಿನ್ನದ ವಾಚನ್ನು ಮೇಜಿನ ಮೇಲಿಟ್ಟಳು. ನಂದಿಬೆಟ್ಟದ ಬಂಗಲೆ ಖಾಲಿ ಮಾಡಿ ಹೋದ ಬಿಳಿಯನೊಬ್ಬನ ಹರಾಜಿನಲ್ಲಿ ರಾಮಾಂಜಿನಪ್ಪ ಹಟ ಹಿಡಿದು ಕೊಂಡದ್ದಂತೆ. ಸ್ವಿಸ್ ಮಾಲು. ಅಂಥದು ಅದುವರೆಗೆ ನನ್ನ ಮೇಜಿಗೆ ಬಂದಿರಲಿಲ್ಲ.

"ನನ್ ತಮ್ಮ ಎರಡು ವರ್ಷದ ಹಿಂದೆ ಎತ್ತು ಹುಡುಕ್ಕೊಂಡು ಬೆಟ್ಟ ಹತ್ತಿದೋನು ಇಳೀಲೇ ಇಲ್ಲ ಸ್ವಾಮಿ" ಎಂದ ಚೆನ್ನರಾಯಪ್ಪ. "ವಾಚನ್ನ ಬಿಚ್ಚಿ ಬಚ್ಚಲ ಗೂಡಲ್ಲಿಟ್ಟು ಹೋಗಿದ್ದ. ಕರ್ಮ ಮಾಡಣ ಅಂದ್ರೆ ಇವಳು ಬಿಡಾಕಿಲ್ಲ. ವಾಚು ಓಡ್ತಾ ಐತೆ, ಅವರೂ ಇದಾರೆ ಅಂತಾಳೆ. ಕದ್ದು ಕೀ ಕೊಡ್ತಾವ್ಳೆ, ಇನ್ನೇನು? ನೀವೇ ಬಿಚ್ಚಿ ನೋಡಿ ಹೇಳಿ."

"ನಾನು ಕೀ ಮುಟ್ಟಿಲ್ಲ ಭಾವ" ಎಂದಳು ಆದಿಲಕ್ಷ್ಮಮ್ಮ. ಅಳು ಇರಲಿಲ್ಲ ಆ ದನಿಯಲ್ಲಿ.

ನಾನು ಕೀ ತಿರುಗಿಸಿದೆ. ಬಿಗಿ ಹತ್ತಲಿಲ್ಲ, ಸುಮ್ಮನೆ ಗರಗರ ತಿರುಗಿತು. ಒಳಗೆ ಮೇನ್ ಸ್ಪ್ರಿಂಗ್ ಮುರಿದಿದೆ ಎಂದರ್ಥ. ಅದು ಮುರಿದರೆ ವಾಚು ಒಂದು ಟಿಕ್ ಕೂಡ ಅನ್ನುವಂತಿಲ್ಲ. ಹಿಂಬದಿಯ ಮುಚ್ಚಳ ತೆಗೆದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದೆ. ಒಳಗಿನ ಚಕ್ರ ಅತ್ತಿಂದಿತ್ತ ಆಡುತ್ತಿತ್ತು.

ಇಂಥ ವಾಚು ನಿಮಿಷಕ್ಕೆ ಮುನ್ನೂರು ಸಲ ಬಡಿಯಬೇಕು. ಗೋಡೆ ಗಡಿಯಾರ ನೋಡುತ್ತ ಎಣಿಸಿದೆ. ಎಪ್ಪತ್ತೆರಡು. ಮತ್ತೆ ಎಣಿಸಿದೆ. ಎಪ್ಪತ್ತೆರಡೇ. ಅಷ್ಟು ನಿಧಾನವಾಗಿ ಬಡಿದರೂ ಮುಳ್ಳುಗಳು ಸರಿಯಾದ ಹೊತ್ತನ್ನೇ ತೋರಿಸುತ್ತಿದ್ದವು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳು ನನ್ನದೇ ನಾಡಿಯ ಮೇಲೆ ಹೋಗಿ ಕೂತಿತ್ತು. ಹೆದರಿದೆ, ಸುಳ್ಳೇಕೆ ಹೇಳಲಿ.

"ಯಾರೂ ಕೀ ಕೊಟ್ಟಿಲ್ಲ. ಕೊಡೋಕೂ ಆಗಲ್ಲ. ಸ್ಪ್ರಿಂಗ್ ಮುರಿದಿದೆ" ಎಂದೆ.

"ಮುರಿದಿದ್ರೆ ಓಡೋದೆಂಗೆ?"

ನಾನು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಇಣುಕಿದೆ. ಚೆನ್ನರಾಯಪ್ಪನೇ ಮುಂದುವರಿಸಿದ: "ಹಂಗಾದ್ರೆ ಹೊಸ ಸ್ಪ್ರಿಂಗ್ ಹಾಕಿ ಸರಿಮಾಡಿ. ರಿಪೇರಿ ಮುಗಿದ ಮೇಲೆ ಎಲ್ಲರೆದುರಿಗೆ ಕೀ ಕೊಟ್ಟು ಇಡ್ತೀವಿ. ಎಲ್ಲಾ ವಾಚಿನಂಗೆ ಇದೂ ನಿಂತೋದ್ರೆ ಅವನಿಲ್ಲ ಅಂತಲೇ ಲೆಕ್ಕ. ಕರ್ಮ ಮಾಡಿ, ಇವಳ ಕುಂಕುಮ ತೆಗೆಸ್ತೀವಿ. ರಿಪೇರಿ ಮುಗಿಯೋಗಂಟ ನಾನು ಆ ಮಾತೆತ್ತಲ್ಲ."

ಆದಿಲಕ್ಷ್ಮಮ್ಮ ಅವನ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿ, "ಮುಟ್ಟಬೇಡಿ ಸ್ವಾಮಿ. ಹೆಂಗಿದೆಯೋ ಹಂಗೇ ಮುಚ್ಚಿ ಕೊಟ್ಬಿಡಿ. ನಿಮ್ ಕಾಲಿಗೆ ಬೀಳ್ತೀನಿ" ಎಂದಳು.

"ಮುರಿದಿರೋದನ್ನ ಒಳಗಿಟ್ಟು ಮುಚ್ಚಿದ್ರೆ ನಾಳೆ ಜನ ನನ್ನನ್ನ ಏನಂತಾರಮ್ಮ?" ಎಂದೆ ನಾನು. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ.

ಅವರು ಹೋದರು. ಮಧ್ಯಾಹ್ನ ಮೂರು ಗಂಟೆಗೆ ವಾಚನ್ನು ಬಿಚ್ಚಲು ಕೂತೆ. ಚಿಮುಟ ಹತ್ತಿರ ಹೋದಂತೆ ಬಡಿತ ಜೋರಾಯಿತು. ಕೈ ಹಿಂದೆ ತೆಗೆದೆ, ನಿಧಾನವಾಯಿತು. ಮತ್ತೆ ಹತ್ತಿರ ತಂದೆ. ನೂರು, ನೂರಿಪ್ಪತ್ತು, ಕಡಿದಾದ ಏರು ಹತ್ತುವವನ ಎದೆಯ ಹಾಗೆ. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ. ಮುರಿದ ವಾಚು ನನ್ನನ್ನು ಆಟ ಆಡಿಸುತ್ತದೆಯೇ ಎಂದು ಚಕ್ರವನ್ನು ಹಿಡಿದು ನಿಲ್ಲಿಸಿ, ಒಂದೊಂದೇ ಭಾಗ ಕಳಚಿ ಸ್ಪ್ರಿಂಗನ್ನು ಹೊರಕ್ಕೆಳೆದೆ. ಅದು ಎರಡು ತುಂಡಾಗಿತ್ತು. ಮುರಿದ ಜಾಗದಲ್ಲಿ ಹಳೆಯ ತುಕ್ಕು, ವರ್ಷಗಟ್ಟಲೆಯದು.

ಅಂಥ ಸ್ಪ್ರಿಂಗ್ ಸುಲಭಕ್ಕೆ ಸಿಗುವಂಥದಲ್ಲ. ವಿದೇಶಿ ಸಾಮಾನಿಗೆ ಸರ್ಕಾರದ ಬಿಗಿ, ಬೆಂಗಳೂರಿನವರು ಬೊಂಬಾಯಿಗೆ ಬರೆಯಿರಿ ಎನ್ನುತ್ತಿದ್ದರು. ಮರುದಿನ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ಅಲ್ಲಿ ಗಫೂರ್ ಸಾಬರು ಎಂಬ ಮುದುಕರು, ನನಗೆ ಕಸುಬು ಕಲಿಸಿದವರು. ಓಡದ ಹಳೆಯ ವಾಚುಗಳನ್ನು ಸೇರಿಸಿಟ್ಟುಕೊಂಡು, ಬೇಕಾದವರಿಗೆ ಅದರ ಭಾಗಗಳನ್ನು ಕೊಡುತ್ತಿದ್ದರು. ನಾನು ಒಯ್ದ ತುಂಡುಗಳನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು.

"ಇದು ಮುರಿದು ಬಹಳ ದಿನ ಆಗಿದೆ. ವಾಚ್ ಯಾವಾಗ ನಿಂತಿದ್ದು?"

"ನಿಂತಿರಲಿಲ್ಲ ಸಾಬ್. ನಾನು ತೆಗೆಯೋವರೆಗೂ ಓಡ್ತಿತ್ತು."

ಸಾಬರು ತುಂಡುಗಳನ್ನು ಕಾಗದದಲ್ಲಿ ಮಡಿಸಿ ನನ್ನ ಜೇಬಿಗೆ ತಾವೇ ಹಾಕಿದರು. "ಸ್ಪ್ರಿಂಗ್ ಕೇಳಿದಿ, ಕೊಡ್ತೀನಿ. ಆದರೆ ನನ್ನ ಮಾತು ಕೇಳು ಬೇಟಾ. ಹಳೇದನ್ನೇ ಹಾಕಿ ವಾಪಸ್ ಕೊಟ್ಬಿಡು. ಕೆಲವಕ್ಕೆ ನಮ್ಮ ಕೈ ಬೇಕಿಲ್ಲ" ಎಂದರು. ಗುರುವಿನ ಮಾತಿಗೆ ತಲೆಯಾಡಿಸಿದೆ. ಬಸ್ಸು ಶಿಡ್ಲಘಟ್ಟ ದಾಟುವಷ್ಟರಲ್ಲಿ, ಮುದುಕರಿಗೆ ಅರಳುಮರಳು ಎಂದು ನನಗೆ ನಾನೇ ಹೇಳಿಕೊಂಡಾಗಿತ್ತು.

ಶನಿವಾರ ಹೊಸ ಸ್ಪ್ರಿಂಗ್ ಹಾಕಿದೆ. ನಿಮಿಷಕ್ಕೆ ಮುನ್ನೂರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸೋಮವಾರ ಅಂಗಡಿ ತೆಗೆದಾಗ, ಕೀ ಮುಗಿದು, ಎಲ್ಲ ವಾಚುಗಳ ಹಾಗೆಯೇ ನಿಂತಿತ್ತು. ಅದರಲ್ಲಿ ಇನ್ನು ಏನೂ ವಿಶೇಷವಿರಲಿಲ್ಲ. ಕೀ ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ.

ಬಾಗಿಲಲ್ಲಿ ಆದಿಲಕ್ಷ್ಮಮ್ಮ ನಿಂತಿದ್ದಳು, ಒಬ್ಬಳೇ. ವಾಚನ್ನು ಎತ್ತಿ ಕಿವಿಗಿಟ್ಟುಕೊಂಡಳು.

"ಹಳೇದನ್ನ ಯಾವಾಗ ತೆಗೆದಿರಿ?"

"ಗುರುವಾರ. ಮೂರು ಗಂಟೆಗೆ."

"ಆವಾಗ ರಾಗಿ ಬೀಸ್ತಾ ಇದ್ದೆ. ಬಾಗಿಲಲ್ಲಿ 'ಇವಳೇ' ಅಂದಂಗಾಯ್ತು. ಅವರು ಹಂಗೇ ಕರೀತಿದ್ದಿದ್ದು. ಎದ್ದು ಹೋದೆ, ಯಾರೂ ಇರಲಿಲ್ಲ. ನಾಯಿ ಮಾತ್ರ ಬೆಟ್ಟದ ದಾರಿ ನೋಡ್ಕೊಂಡು ಬಾಲ ಆಡಿಸ್ತಾ ನಿಂತಿತ್ತು." ವಾಚನ್ನು ಮೇಜಿನ ಮೇಲಿಟ್ಟಳು. "ಹಳೇದನ್ನ ವಾಪಸ್ ಹಾಕಿ ಸ್ವಾಮಿ."

ಎಲ್ಲಿಂದ ಹಾಕಲಿ? ರಿಪೇರಿಯಲ್ಲಿ ತೆಗೆದ ಮುರುಕು ಸ್ಪ್ರಿಂಗುಗಳನ್ನು ನಾನು ಬಿಸ್ಕತ್ತಿನ ಡಬ್ಬಿಗೆ ಎಸೆಯುವವನು. ಶನಿವಾರ ಅದನ್ನೂ ಎಸೆದು ಡಬ್ಬಿ ಕುಲುಕಿ ಮುಚ್ಚಿದ್ದೆ. ಈಗ ಅವಳ ಮುಂದೆಯೇ ಸುರಿದೆ. ಹತ್ತು ವರ್ಷದ ತುಂಡುಗಳು, ಒಂದಕ್ಕೊಂದು ಹೆಣೆದುಕೊಂಡು, ಎಲ್ಲಕ್ಕೂ ತುಕ್ಕು. ಯಾವುದು ಅದು ಎಂದು ನನಗೆ ತಿಳಿಯಲಿಲ್ಲ. ತಪ್ಪಾಯಿತು ಎಂದು ಕೈಮುಗಿದೆ. ಯಾರಿಗೂ ಹಾಗೆ ಮುಗಿದವನಲ್ಲ.

ಅವಳು ಆ ರಾಶಿಯಿಂದ ಒಂದು ತುಂಡನ್ನು ಬಿಡಿಸಿ ನನ್ನ ಮುಂದಿಟ್ಟಳು. "ಒಂದೊಂದೇ ಹಾಕಿ ನೋಡಿ. ನಾನು ಕಾಯ್ತೀನಿ" ಎಂದಳು.

ಆ ಸಂಜೆ ಚೆನ್ನರಾಯಪ್ಪ ಬಂದು ಕೇಳಿದಾಗ, "ರಿಪೇರಿ ಇನ್ನೂ ಮುಗಿದಿಲ್ಲ" ಎಂದೆ. ಕಸುಬಿನಲ್ಲಿ ನಾನು ಹೇಳಿದ ಮೊದಲ ಸುಳ್ಳು. ರಿಪೇರಿ ಮುಗಿಯುವವರೆಗೆ ಕರ್ಮದ ಮಾತೆತ್ತುವುದಿಲ್ಲ ಎಂದು ತಾನೇ ಆಡಿದ ಮಾತು, ಅವನು ಮೀರುವಂತಿರಲಿಲ್ಲ. ಗೊಣಗುತ್ತ ಹೋದ.

ಒಂಬತ್ತು ವರ್ಷವಾಯಿತು. ಪ್ರತಿ ಗುರುವಾರ ಅವಳು ಬರುತ್ತಾಳೆ, ಹಣೆಗೆ ಹೊಸದಾಗಿ ಕುಂಕುಮವಿಟ್ಟು. ನಾನು ಡಬ್ಬಿಯಿಂದ ಒಂದು ಮುರುಕನ್ನು ತೆಗೆದು ಆ ವಾಚಿಗೆ ಹಾಕುತ್ತೇನೆ. ಇಬ್ಬರೂ ಉಸಿರು ಬಿಗಿಹಿಡಿದು ಚಕ್ರವನ್ನು ನೋಡುತ್ತೇವೆ. ಅದು ಅಲುಗುವುದಿಲ್ಲ. ಅಲುಗಿದರೆ ಏನು ಮಾಡಲಿ ಎಂದು ಆ ಗಳಿಗೆಯಲ್ಲಿ ನಾನು ಚಿಮುಟವನ್ನು ದೂರ ಇಟ್ಟುಬಿಡುತ್ತೇನೆ. ನೋಡಿದ ತುಂಡನ್ನು ಬೇರೆಯಾಗಿ ತೆಗೆದಿಡುತ್ತೇನೆ, ಅವಳು ಎದ್ದು ಹೋಗುತ್ತಾಳೆ. ಡಬ್ಬಿ ಖಾಲಿಯಾದ ದಿನ ರಿಪೇರಿ ಮುಗಿದಂತೆ, ಅವಳ ಹಣೆಯೂ ಬರಿದಾದಂತೆ. ಅದಕ್ಕೇ ಐದಾರು ವರ್ಷದಿಂದ ನಾನು ಬೇರೆ ವಾಚುಗಳಿಂದ ತೆಗೆದ ಮುರುಕುಗಳನ್ನು ಅವಳಿಗೆ ತಿಳಿಯದಂತೆ ಅದೇ ಡಬ್ಬಿಗೆ ಸೇರಿಸುತ್ತಿದ್ದೇನೆ.

ಆದರೂ ಡಬ್ಬಿ ನಾನು ಸೇರಿಸುವುದಕ್ಕಿಂತ ಹೆಚ್ಚು ತುಂಬುತ್ತಿತ್ತು. ಎರಡು ಹಾಕಿದ ವಾರ ಐದು ಹೆಚ್ಚಿರುತ್ತಿದ್ದವು. ಯಾರಿಗೆ ಹೇಳುವುದು ಇದನ್ನು? ಎಷ್ಟೋ ದಿನ ಅಂಗಡಿಗೆ ಬೀಗ ಹಾಕುವಾಗ ಆ ಡಬ್ಬಿಯ ಕಡೆ ಬೆನ್ನು ಮಾಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಕಳೆದ ಗುರುವಾರ ನೀರು ಕುಡಿಯಲು ಎದ್ದೆ. ಗೋಡೆಗೆ ತೂಗುಹಾಕಿದ ಗಡಿಯಾರದ ಗಾಜಿನಲ್ಲಿ ಅವಳು ಕಂಡಳು. ಸೆರಗಿನ ಗಂಟು ಬಿಚ್ಚಿ, ಎಲ್ಲೆಲ್ಲಿಂದಲೋ ಬೇಡಿ ತಂದ ಮೂರು ಮುರುಕು ಸ್ಪ್ರಿಂಗುಗಳನ್ನು ಸದ್ದಾಗದಂತೆ ಡಬ್ಬಿಯೊಳಕ್ಕೆ ಬಿಡುತ್ತಿದ್ದಳು.

ನಾನು ಎರಡನೇ ಲೋಟ ನೀರನ್ನೂ ಕುಡಿದು, ಕಣ್ಣು ಒರೆಸಿಕೊಂಡು, ಬಂದು ಕೂತೆ.

"ಇನ್ನೂ ಬೇಕಾದಷ್ಟಿವೆಯಮ್ಮ" ಎಂದೆ.

"ನಿಧಾನಕ್ಕೆ ನೋಡಿ ಸ್ವಾಮಿ" ಎಂದಳು ಆದಿಲಕ್ಷ್ಮಮ್ಮ.