ದೆವ್ವದ ಮನೆಗೆ ಬಿದ್ದ ಬೆಂಕಿ

"ರೀ, ಹಿಂಬಾಗಿಲ ಬೀಗ ತೆಗೀರಿ ಅಂತ ಎಷ್ಟು ಸಲ ಬಡ್ಕೋಬೇಕು ನಾನು?"

ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಗಂಡ ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಟಿಕೆಟ್ ಕೊಂಡು ಬಂದವರನ್ನು ಕತ್ತಲಲ್ಲಿ ಹೆದರಿಸುವ 'ದೆವ್ವದ ಮನೆ' ತೆರೆದಿದ್ದ. ಕಪ್ಪು ಬಟ್ಟೆಯ ಗೋಡೆಗಳನ್ನು ಹೊಲಿದವಳು ಅವಳೇ. ಕೆದರಿದ ಕೂದಲಿನ ಟೋಪನ್ ತೊಟ್ಟು ದೆವ್ವವಾಗಿ ಕುಣಿಯುವವಳೂ ಅವಳೇ.

"ಬೀಗ ತೆಗೆದ್ರೆ ಟಿಕೆಟ್ ಇಲ್ದೋರು ನುಗ್ತಾರೆ ಕಣೇ."

"ಒಳಗಿಂದ ತಳ್ಳಿದ್ರೆ ಮಾತ್ರ ತೆರೆಯೋ ಚಿಲಕ ಹಾಕ್ಸಿ ಅಂತ ಅಣ್ಣ ಹೇಳ್ಲಿಲ್ವಾ?"

ಅವಳ ಅಣ್ಣ ಅಗ್ನಿಶಾಮಕ ದಳದವನು. ಬಂದು ನೋಡಿ, ತಲೆ ಚಚ್ಚಿಕೊಂಡು ಹೋಗಿದ್ದ.

"ನಿಮ್ಮಣ್ಣಂಗೆ ಬೀಡಿ ಕಿಡಿ ಕಂಡ್ರೂ ಕಾಡ್ಗಿಚ್ಚು!" ಗಂಡ ನಕ್ಕುಬಿಟ್ಟ.

ಆ ಸಂಜೆ ಒಳಗೆ, ಸ್ಪೀಕರಿನ ದೆವ್ವದ ಊಳಾಟದ ನಡುವೆ, ಜನ ಗಿಜಿಗುಡುತ್ತಿದ್ದರು. ಅತ್ತೆಯೂ ಮೊದಲ ಸಲ ನೋಡಲು ಬಂದಿದ್ದರು. ಮೂಲೆಯ ಕೆಂಪು ದೀಪದ ಕಾವಿಗೆ ಬಟ್ಟೆಯ ಅಂಚು ಕಮರಿ ಹೊತ್ತಿಕೊಂಡಿತು.

"ಬೆಂಕಿ! ಎಲ್ಲಾ ಹೊರಗೆ ಹೋಗಿ!" ಅವಳು ಕಿರುಚಿದಳು.

ಜನ ಚಪ್ಪಾಳೆ ತಟ್ಟಿದರು.

"ಅಯ್ಯೋ ನಿಮ್ಮ, ಇದು ಆಟ ಅಲ್ರೀ!"

ಇನ್ನೂ ಜೋರಾಗಿ ನಕ್ಕರು. ಅವಳು ಟೋಪನ್ ಕಿತ್ತೆಸೆದು, ತಡಕಾಡುತ್ತ ಮುಂಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದ ಗಂಡನ ಬಳಿಗೆ ಓಡಿದಳು. "ದೀಪ ಎಲ್ಲಾ ಹಾಕಿ! ಆ ಊಳಾಟ ನಿಲ್ಸಿ! ಅತ್ತೆ ಒಳಗಿದ್ದಾರೆ!"

ಬೆಳಕಾದಾಗಲೇ ಜನಕ್ಕೆ ಹೊಗೆ ಕಂಡದ್ದು. ಅಷ್ಟರಲ್ಲಿ ಬೆಂಕಿ ಮುಂಬಾಗಿಲ ದಾರಿಗೆ ಹಬ್ಬಿತ್ತು; ಎಲ್ಲರೂ ಹಿಂಬಾಗಿಲಿಗೆ ನುಗ್ಗಿದರು. ಗಂಡ ಹೊರಗಿನಿಂದ ಸುತ್ತಿಕೊಂಡು ಓಡಿದ. ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಬೀಗಕ್ಕೆ ತುರುಕಿ ನೋಡಿದ. ಒಳಗಿನಿಂದ ಅವನ ತಾಯಿ ಬಾಗಿಲು ಬಡಿಯುತ್ತಿದ್ದರು: "ತೆಗಿಯೋ ಮಗನೇ, ಉಸಿರು ಕಟ್ತಿದೆ!"

ಬಾಗಿಲು ತೆರೆದಾಗ ಒಬ್ಬರ ಮೇಲೊಬ್ಬರು ಬಿದ್ದು ಹೊರಬಂದರು. ಅಗ್ನಿಶಾಮಕ ದಳ ಬಂದು ಬೆಂಕಿ ಆರಿಸಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಕೆಮ್ಮು ನಿಂತ ಮೇಲೆ ತಾಯಿ ಮಗನನ್ನು ನೋಡಿದರು. "ಅವಳ ಮಾತು ಕೇಳೋಕೆ ನಿಂಗೆ ನನ್ನ ಹೆಣವೇ ಬೇಕಿತ್ತೇನೋ?"

ಮಾರನೆಯ ದಿನ ಮಗ ತಾನೇ ಹೆಂಡತಿಯ ಅಣ್ಣನ ಬಳಿ ಹೋಗಿ, "ಭಾವ, ಏನೇನು ಮಾಡ್ಬೇಕು ಹೇಳಿ" ಎಂದ.

"ಹೇಳಿದ್ನೇ ಮತ್ತೆ ಹೇಳ್ಬೇಕಲ್ಲಪ್ಪಾ!" ಎಂದು ಗೊಣಗುತ್ತಲೇ ಭಾವ ಜೊತೆಗೆ ಬಂದ.

ಈಗ ಬೇಗ ಬೆಂಕಿ ಹಿಡಿಯದ ಬಟ್ಟೆ ಬಂದಿದೆ. ಹೊಗೆ ಎದ್ದರೆ ಗಂಟೆ ಹೊಡೆಯುತ್ತದೆ, ಸದ್ದು ನಿಂತು ದೀಪಗಳೆಲ್ಲ ತಾವೇ ಹತ್ತುತ್ತವೆ. ಒಳಗಿನಿಂದ ತಳ್ಳಿದರೆ ಸಾಕು, ಹಿಂಬಾಗಿಲು ಹೊರಕ್ಕೆ ತೆರೆಯುತ್ತದೆ, ಮೇಲೆ ದಾರಿ ತೋರುವ ದೀಪ ಸದಾ ಉರಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿದೆ. ಒಂದು ಸಲಕ್ಕೆ ಕೆಲವರನ್ನಷ್ಟೇ ಒಳಗೆ ಬಿಡುತ್ತಾರೆ. ಅಗ್ನಿಶಾಮಕ ದಳ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಆಟ ಮತ್ತೆ ಶುರುವಾದದ್ದು.

ಇಂಥ ಆಟ ನಡೆಸುವವರೇ, ಅನಾಹುತವಾಗಲಿ ಆಮೇಲೆ ನೋಡೋಣ ಎಂದು ಕೂರಬೇಡಿ. ನೋಡಲು ಹೋಗುವವರೇ, ಟಿಕೆಟ್ ಕೊಳ್ಳುವ ಮೊದಲು ಕೇಳಿ: "ಬೆಂಕಿ ಬಿದ್ರೆ ಹೊರಗೆ ಹೋಗೋ ದಾರಿ ಎಲ್ಲಿದೆ?" ಸರಿಯಾದ ಉತ್ತರ ಬರದಿದ್ದರೆ, ಮಕ್ಕಳ ಕೈ ಹಿಡಿದುಕೊಂಡು ಸೀದಾ ಮನೆಗೆ ನಡೆಯಿರಿ.