ಕಿವಿಯ ಅಚ್ಚಿಗೆ ಟೈರಿನ ಗಾಳಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ಗಂಡನ ಟೈರ್ ಅಂಗಡಿ, ಮೇಲೆ ಮನೆ. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರ ಜಾರದೆ ಕೂರಬೇಕಾದರೆ ಅವರವರ ಕಿವಿಯ ಅಳತೆಗೆ ಒಂದು ಪುಟ್ಟ ಅಚ್ಚು ಬೇಕು. ಆ ಅಚ್ಚುಗಳನ್ನು ಮಾಡುವುದೇ ಅವಳ ಕಸುಬು. ರೆಸಿನ್ ಎನ್ನುವ ನೀರಾದ ರಾಳದಿಂದ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಎಬ್ಬಿಸಿ, ತೊಳೆದು, ಕೊನೆಗೆ ನೇರಳೆ ಬೆಳಕಿನ ಪೆಟ್ಟಿಗೆಯೊಳಗಿಟ್ಟು ಗಟ್ಟಿ ಮಾಡುತ್ತಿದ್ದಳು. "ಒಬ್ಬರ ಕಿವಿಯ ಹಾಗೆ ಇನ್ನೊಬ್ಬರದಿಲ್ಲ. ಅಷ್ಟೇ ಯಾಕೆ, ಒಬ್ಬರದೇ ಎಡಗಿವಿಗೂ ಬಲಗಿವಿಗೂ ಹೊಂದಾಣಿಕೆ ಇಲ್ಲ, ಓರಗಿತ್ತಿಯರ ಹಾಗೆ," ಎಂದು ನಗುತ್ತಿದ್ದಳು.

ನಗು ನಿಂತದ್ದು ಹೊಸ ರಾಳ ಬಂದ ಮೇಲೆ. ಅವಳಿಗೆ ಕೆಲಸ ಕೊಡುತ್ತಿದ್ದುದು ಊರಿನ ಕಿವಿ ಪರೀಕ್ಷಾ ಕೇಂದ್ರ. ಹಳೆಯ ಗುಲಾಬಿ ಅಚ್ಚು ದೂರದಿಂದಲೇ ಕಾಣುತ್ತದೆ, ಗಾಜಿನಂತೆ ತಿಳಿಯಾಗಿರುವುದನ್ನು ಮಾಡಿಕೊಡಿ ಎಂದು ಅಲ್ಲಿಯ ಮೇಡಂ ಕೇಳಿದ್ದರು. ಹೊಸ ರಾಳದ ಅಚ್ಚು ನೋಡಲು ಮಂಜುಗಡ್ಡೆಯ ತುಣುಕಿನ ಹಾಗಿತ್ತು. ಮುಟ್ಟಿದರೆ ಮಾತ್ರ ಬೆರಳಿಗೆ ಸಕ್ಕರೆ ಪಾಕದ ಅಂಟು. ಹೆಚ್ಚು ಹೊತ್ತು ಬೆಳಕಿಗಿಟ್ಟರೂ ಅಂಟು, ಎರಡೆರಡು ಸಲ ತೊಳೆದರೂ ಅಂಟು. ಗ್ಲಿಸರಿನ್‌ನಲ್ಲಿ ಮುಳುಗಿಸಿ ಬೆಳಕು ಕೊಟ್ಟಾಗ ಹೊರಮೈ ಒಣಗಿತು. ಆದರೆ ಶಬ್ದ ಹೋಗುವ ಸಣ್ಣ ತೂತಿನೊಳಗೆ ಗಾಳಿಗುಳ್ಳೆ ನಿಂತು, ಅಲ್ಲಿ ಅಂಟು ಹಾಗೇ ಉಳಿಯಿತು. ಕೇಂದ್ರದಿಂದ ಅಚ್ಚುಗಳು ಒಂದೊಂದಾಗಿ ವಾಪಸು ಬರತೊಡಗಿದವು. ಕಿವಿ ತುರಿಸುತ್ತದಂತೆ, ಉರಿಯುತ್ತದಂತೆ.

ದೂರು ಹೇಳದವರು ಒಬ್ಬರೇ, ಅವಳ ಮಾವ. ಬಸ್ ಕಂಡಕ್ಟರ್ ಆಗಿದ್ದವರು. ಇಂಜಿನ್ನಿನ ಪಕ್ಕ ನಿಂತು ನಿಂತು ಕಿವಿ ಹೋಗಿತ್ತು, ಗಂಟಲು ಮಾತ್ರ ಕಂಚಿನ ಹಾಗೇ ಉಳಿದಿತ್ತು. ಹೊಸ ರಾಳದ ಮೊದಲ ಅಚ್ಚನ್ನು ಅವಳು ಮಾಡಿದ್ದು ಅವರಿಗೇ. ಯಾವಾಗ ಕೇಳಿದರೂ ಒಂದೇ ಉತ್ತರ: "ಭೇಷಾಗಿದೆ ಕಣಮ್ಮ!"

ಒಂದು ಬೆಳಿಗ್ಗೆ ಅತ್ತೆ ದಿಂಬಿನ ಹೊದಿಕೆಯನ್ನು ಹಿಡಿದುಕೊಂಡು ಅವಳ ಕೋಣೆಗೆ ಬಂದರು. "ನೋಡಿಲ್ಲಿ, ನಿನ್ನ ಮಾವಂದು."

ಹೊದಿಕೆಯ ಮೇಲೆ ಹಳದಿ ಕಲೆ. ಅವಳು ಕೆಲಸ ಬಿಟ್ಟು ಎದ್ದಳು. ಮಾವ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸಿ ಅಚ್ಚನ್ನು ತೆಗೆದಳು. ಕಿವಿಯ ಬಾಯಿ ಕೆಂಪಾಗಿ ಊದಿತ್ತು. ಒಂದು ಕಡೆ ಚರ್ಮ ಸುಲಿದು ನೀರು ಜಿನುಗುತ್ತಿತ್ತು.

"ಮಾವ, ಇದು ಯಾವಾಗಿಂದ?" ಅವರ ಕಿವಿಗೆ ಬಾಯಿಟ್ಟು ಕೂಗಿದಳು.

"ತಿಂಡಿನಾ? ಆಗ್ಲೇ ಆಯ್ತು."

"ತಿಂಡಿ ಅಲ್ಲ, ಕಿವಿ! ನೋವಾಗ್ತಿದ್ರೂ ಯಾಕೆ ಹಾಕ್ಕೊಂಡಿದ್ರಿ?"

ಮಾವ ಪೇಪರ್ ಮಡಿಸಿದರು. ಅಪರೂಪಕ್ಕೆ ದನಿ ತಗ್ಗಿತ್ತು. "ನೀನು ಮಾಡಿದ್ದಲ್ವೇನಮ್ಮ. ಮನೆಯವನೇ ತೆಗೆದಿಟ್ರೆ ಊರೋರು ಹಾಕ್ಕೋತಾರಾ?"

ಅವಳು ಆ ಅಚ್ಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಕೂತಳು. ಅಳುವಿಗಿಂತ ಹೆಚ್ಚಾಗಿ ಬಂದದ್ದು ಕೋಪ, ಅದೂ ತನ್ನ ಮೇಲೆ. ಅತ್ತೆ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟರು. ಅವಳು ಕೇಂದ್ರಕ್ಕೆ ಫೋನ್ ಮಾಡಿ, ತಾನು ಕೊಟ್ಟ ತಿಳಿ ಅಚ್ಚುಗಳನ್ನೆಲ್ಲ ಜನರಿಂದ ವಾಪಸು ತೆಗೆದುಕೊಳ್ಳುವಂತೆ ತಾನಾಗಿಯೇ ಹೇಳಿದಳು. ಮೇಡಂ "ಸರಿ ಮಾಡೋಕಾಗುತ್ತಾ?" ಎಂದರು. "ಪ್ರಯತ್ನ ಮಾಡ್ತೀನಿ," ಎಂದಳು ಅವಳು. "ಹಾಗಾದ್ರೆ ಕಾಯ್ತೀನಿ. ಆದ್ರೆ ತುಂಬಾ ದಿನ ಕಾಯಿಸ್ಬೇಡಿ."

ಆಮೇಲೆ ರಾಳದ ಕಂಪನಿಗೆ ಫೋನ್ ಮಾಡಿದಳು. ಅಲ್ಲಿಯವನು ವಿವರಿಸಿದ: "ಗಾಳೀಲಿರೋ ಆಮ್ಲಜನಕ ಇದೆಯಲ್ಲ ಮೇಡಂ, ಅದು ಮೇಲಿನ ಪದರಾನ ಗಟ್ಟಿಯಾಗೋಕೆ ಬಿಡಲ್ಲ. ಅಚ್ಚಿನ ಸುತ್ತ ನೈಟ್ರೋಜನ್ ತುಂಬಿ, ಆಮೇಲೆ ಲೈಟ್ ಹಾಕ್ಬೇಕು. ಅದಕ್ಕೇ ಅಂತ ಬೇರೆ ಮಿಷಿನ್ ಬರುತ್ತೆ." ಆ ಯಂತ್ರ ದೊಡ್ಡ ಕಾರ್ಖಾನೆಗಳಿಗಾಗಿ ಮಾಡಿದ್ದು, ಅವಳ ಕೋಣೆಯ ಬಾಗಿಲಲ್ಲಿ ನುಗ್ಗುವಂಥದ್ದೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. "ಈ ನೈಟ್ರೋಜನ್ ಎಲ್ಲಿ ಸಿಗುತ್ತೋ ಏನೋ ರೀ."

ಬಾಯಿಗಿಡಲಿದ್ದ ತುತ್ತು ಗಂಡನ ಕೈಯಲ್ಲೇ ನಿಂತಿತು. "ಏನಂದೆ?"

"ನೈಟ್ರೋಜನ್."

ಅವನು ಎಂಜಲು ಕೈಯಲ್ಲೇ ಅವಳನ್ನು ಕಿಟಕಿಗೆ ಕರೆದೊಯ್ದು ಕೆಳಗೆ ತೋರಿಸಿದ. ಅಂಗಡಿಯ ಮುಂದೆ ಆಳೆತ್ತರದ ಬೋರ್ಡು: ಇಲ್ಲಿ ಟೈರುಗಳಿಗೆ ನೈಟ್ರೋಜನ್ ತುಂಬಲಾಗುತ್ತದೆ. ದಿನಕ್ಕೆ ಹತ್ತು ಸಲ ಅದರ ಮುಂದೆಯೇ ಓಡಾಡುತ್ತಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಅವಳ ಕತೆ.

ಸಂಜೆ ಗಂಡ ಲಾರಿಯ ಟ್ಯೂಬೊಂದಕ್ಕೆ ನೈಟ್ರೋಜನ್ ತುಂಬಿ, ಮೆಟ್ಟಿಲ ಮೇಲೆ ಉರುಳಿಸಿಕೊಂಡು ಬಂದ. ಅವಳು ಬೆಳಕಿನ ಪೆಟ್ಟಿಗೆಯ ಬೆನ್ನಿಗೆ ತೂತು ಕೊರೆದು ಕೊಳವೆ ಸಿಕ್ಕಿಸಿದ್ದಳು. ಕಿಟಕಿಗಳನ್ನೆಲ್ಲ ತೆರೆದಳು, ಮುಚ್ಚಿದ ಕೋಣೆಯಲ್ಲಿ ನೈಟ್ರೋಜನ್ ತುಂಬಿಕೊಂಡರೆ ಉಸಿರಿಗೇ ಕುತ್ತು ಎಂದು ಕಂಪನಿಯವನು ಎಚ್ಚರಿಸಿದ್ದ. ಪೆಟ್ಟಿಗೆಯಲ್ಲಿ ಹೊಸ ಅಚ್ಚಿಟ್ಟು ಕೊಳವೆಯನ್ನು ಟ್ಯೂಬಿಗೆ ಜೋಡಿಸಿದ ಮೇಲೆ, ಗಾಳಿ ಒಳಗೆ ಹೋಗಲು ಟ್ಯೂಬನ್ನು ಯಾರಾದರೂ ಒತ್ತಬೇಕಿತ್ತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ನೋಡುತ್ತಿದ್ದ ಮಾವ ಕೇಳದೆಯೇ ಬಂದು ಅದರ ಮೇಲೆ ಕೂತರು.

"ನಮ್ಮ ಬಸ್ಸಲ್ಲಿ ಇಂಥ ಸೀಟು ಇರ್ಲಿಲ್ಲ!" ಎಂದು ಬೀದಿಗೆ ಕೇಳುವಂತೆ ಸಾರಿದರು.

ಗಾಳಿ ಹೋದಂತೆಲ್ಲ ಮಾವ ಇಳಿಯುತ್ತ ಬಂದರು. ಮೊಣಕಾಲು ಗಲ್ಲಕ್ಕೆ ತಾಗಿತು. ಕೊನೆಗೆ ನೆಲದ ಮೇಲೇ ಕೂತಿದ್ದರು. ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಬೆಳಕು ಕೊಟ್ಟು ಅಚ್ಚು ತೆಗೆದು ನೋಡಿದರೆ ಅಂಟು ಕೊಂಚ ಕಮ್ಮಿ, ಆದರೆ ಅಂಟು ಅಂಟೇ.

"ನನ್ನ ಗಾಳಿ ಸರಿ ಇಲ್ಲ ಅಂತೀಯಾ?" ಎಂದ ಗಂಡ.

"ನಿಮ್ಮ ಗಾಳಿ ಸರಿ ಇದೆ. ನನ್ನ ಪೆಟ್ಟಿಗೇನೇ ಜರಡಿ." ಅವಳು ತೆಳು ಕಾಗದದ ಚೂರನ್ನು ಪೆಟ್ಟಿಗೆಯ ಹಿಂಬದಿಗೆ ಹಿಡಿದಳು. ಪೆಟ್ಟಿಗೆ ಅದನ್ನು ಪಟಕ್ಕನೆ ಒಳಕ್ಕೆ ಸೆಳೆದುಕೊಂಡಿತು. ದೀಪ ಬಿಸಿಯಾಗದಿರಲು ಇಟ್ಟ ಫ್ಯಾನು, ಕೋಣೆಯ ಗಾಳಿಯನ್ನೆಲ್ಲ ಒಳಗೆ ಎಳೆಯುತ್ತಿತ್ತು. ಫ್ಯಾನು ನಿಲ್ಲಿಸಿದರೆ ದೀಪ ಸುಡುತ್ತದೆ. ನಿಲ್ಲಿಸದಿದ್ದರೆ ಅಚ್ಚು ಒಣಗುವುದಿಲ್ಲ. ಬಾಯಲ್ಲಿ ಬಿಸಿತುಪ್ಪ.

ಎರಡು ದಿನ ಅದೇ ಯೋಚನೆ. ಮೂರನೆಯ ದಿನ ಪಾತ್ರೆ ತೊಳೆಯುವಾಗ ಕೈಯಲ್ಲಿದ್ದ ಗಾಜಿನ ಜಾಡಿಯನ್ನು ನೋಡುತ್ತ ನಿಂತುಬಿಟ್ಟಳು. ಇಡೀ ಪೆಟ್ಟಿಗೆಗೆ ನೈಟ್ರೋಜನ್ ತುಂಬುವ ಹಟ ಯಾಕೆ? ಫ್ಯಾನು ತನ್ನ ಪಾಡಿಗೆ ತಾನು ತಿರುಗಲಿ. ಅಚ್ಚು ಜಾಡಿಯೊಳಗಿರಲಿ, ಜಾಡಿ ಪೆಟ್ಟಿಗೆಯೊಳಗಿರಲಿ. ಬೆಳಕು ಗಾಜನ್ನು ದಾಟುತ್ತದೆ, ಗಾಳಿ ದಾಟುವುದಿಲ್ಲ.

ಜಾಡಿಯನ್ನು ಬೋರಲು ನಿಲ್ಲಿಸಿ, ಕೆಳಗಾದ ಮುಚ್ಚಳಕ್ಕೆ ತೂತು ಕೊರೆದು ಕೊಳವೆ ಕೂರಿಸಿ, ಸಂದಿಗೆ ರಬ್ಬರ್ ಕೊಟ್ಟು ಬಿಗಿದಳು. ಗಂಡ ಈ ಸಲ ಟ್ಯೂಬಿನ ತಂಟೆಗೆ ಹೋಗಲಿಲ್ಲ. ಅಂಗಡಿಯ ಯಂತ್ರದಿಂದಲೇ, ಎಣ್ಣೆ, ತೇವ ಹಿಡಿಯುವ ಫಿಲ್ಟರ್ ಹಾಕಿ, ಕಿಟಕಿಯವರೆಗೆ ಪೈಪು ಎಳೆದ. "ನಿಧಾನಕ್ಕೆ ಬಿಡು. ನನ್ನ ಮಿಷಿನ್ನು ನಿಧಾನಕ್ಕೆ ಕೊಟ್ಟಷ್ಟೂ ಶುದ್ಧವಾಗಿ ಕೊಡುತ್ತೆ. ಅವಸರ ಮಾಡಿದ್ರೆ ಆಮ್ಲಜನಕಾನೂ ಕಲಸಿ ಕಳಿಸುತ್ತೆ."

ಪೈಪಿನ ನಲ್ಲಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ಕೊಳವೆ ಟಪ್ಪೆಂದು ಕಿತ್ತು ಹಾರಿ ಗಂಡನ ಮೂಗಿಗೆ ಬಡಿಯಿತು. ಮಾವ ಎದ್ದು ಬಂದು ಜಾಡಿಯನ್ನು ಸುತ್ತಲೂ ನೋಡಿದರು.

"ಇಳಿಯೋರಿಗೆ ಬಾಗಿಲೆಲ್ಲಿ?" ಎಂದು ಗುಡುಗಿದರು. "ತುಂಬಿದ ಬಸ್ಸು ಇದು! ಒಳಗಿರೋರು ಇಳೀದೆ ಹೊರಗಿನೋರು ಎಲ್ಲಿಗೆ ಹತ್ಬೇಕು?"

ಆ ಹೊತ್ತಿಗೆ ಅವಳಿಗೂ ಅದೇ ಹೊಳೆದಿತ್ತು, ಆದರೆ ಹೀಗೆ ಹೇಳಲು ಅವಳಿಗೆ ಬರುತ್ತಿರಲಿಲ್ಲ. ನಗುತ್ತಲೇ ಮುಚ್ಚಳಕ್ಕೆ ಇನ್ನೊಂದು ತೂತು ಕೊರೆದಳು. ಒಳಬರುವ ಕೊಳವೆಯನ್ನು ಜಾಡಿಯ ನೆತ್ತಿಯವರೆಗೆ ಏರಿಸಿದಳು. ಹೊರಹೋಗುವುದರ ತುದಿಯನ್ನು ಪೆಟ್ಟಿಗೆಯಾಚೆ ನೀರಿನ ಲೋಟದಲ್ಲಿ ಮುಳುಗಿಸಿದಳು. ಲೋಟದಲ್ಲಿ ಗುಳುಗುಳು ಗುಳ್ಳೆ ಎದ್ದವು. ಹಳೆಯ ಗಾಳಿ ಇಳಿದುಹೋಗುವಷ್ಟು ಹೊತ್ತು ಕಾದು, ದೀಪ ಹಾಕಿದಳು. ಗಾಜು ಕೊಂಚ ಬೆಳಕನ್ನು ನುಂಗುತ್ತದೆಂದು ಎಂದಿಗಿಂತ ತುಸು ಹೆಚ್ಚೇ ಬಿಟ್ಟಳು.

ಅಚ್ಚು ಹೊರಗೆ ಬಂತು. ಅವಳು ಹತ್ತಿಯ ಎಳೆಯೊಂದನ್ನು ಅದರ ಮೇಲೆ ಎಳೆದಳು. ಹಿಂದೆಲ್ಲ ಹತ್ತಿ ಅಲ್ಲೇ ಗಡ್ಡದ ಹಾಗೆ ಅಂಟಿಕೊಳ್ಳುತ್ತಿತ್ತು. ಈಗ ಜಾರಿ ಹೋಯಿತು. ತೂತಿನೊಳಗೆ ಎಳೆ ತೂರಿಸಿ ಎಳೆದಳು, ಅಲ್ಲೂ ಒಣ. ಗಂಡ ಹೆಬ್ಬೆರಳಿನಿಂದ ಉಜ್ಜಿ ನೋಡಿ, ಕೆಂಪಾದ ಮೂಗಿನಲ್ಲೇ ನಕ್ಕ: "ಗೋಲಿ ಕಣೇ ಇದು!"

ಆದರೂ ಅವಳು ಅವಸರ ಮಾಡಲಿಲ್ಲ. ಒಂದಾದ ಮೇಲೊಂದು ಅಚ್ಚು ಮಾಡಿ, ಪ್ರತಿಯೊಂದನ್ನೂ ಅದೇ ರೀತಿ ಪರೀಕ್ಷಿಸಿ, ಆಮೇಲಷ್ಟೇ ಕೇಂದ್ರಕ್ಕೆ ಕಳಿಸಿದಳು. ಮೇಡಂ ಮೊದಲು ಕೆಲವರಿಗಷ್ಟೇ ಕೊಟ್ಟು ನೋಡಿದರು. ಯಾವುದೂ ವಾಪಸು ಬರಲಿಲ್ಲ. "ಉಳಿದವರದ್ದೂ ಶುರು ಮಾಡಿ," ಎಂದು ಫೋನ್ ಬಂತು. ಅಷ್ಟರಲ್ಲಿ ಮಾವನ ಕಿವಿ ವಾಸಿಯಾಗಿ, ಡಾಕ್ಟರೂ ಒಪ್ಪಿಗೆ ಕೊಟ್ಟಿದ್ದರು. ಹೊಸ ಅಚ್ಚನ್ನು ಅವಳೇ ಕೂರಿಸಿದಳು.

"ಈ ಸಲ ಸುಳ್ಳು ಹೇಳ್ಬೇಡಿ ಮಾವ. ಹೇಗಿದೆ?"

ಮಾವ ತಲೆ ಆಡಿಸಿದರು, ದವಡೆ ಆಡಿಸಿದರು. "ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ."

ಅಡುಗೆಮನೆಯಲ್ಲಿ ಅತ್ತೆ ತಮ್ಮಷ್ಟಕ್ಕೆ ತಾವೇ ಗೊಣಗುತ್ತಿದ್ದರು: "ಒದ್ದೆ ಟವಲ್ಲು ಹಾಸಿಗೆ ಮೇಲೆ ಎಸೆಯೋ ಬುದ್ಧಿ ಈ ಮನುಷ್ಯಂಗೆ ಈ ಜನ್ಮಕ್ಕೆ ಹೋಗಲ್ಲ."

"ಎಸೆದಿಲ್ಲ, ಒಣಗ್ಲಿ ಅಂತ ಹರಡಿದೀನಿ," ಎಂದರು ಮಾವ.

ಒಳಗೆ ಸೌಟು ಬಿದ್ದ ಸದ್ದಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತರು. "ಕೇಳಿಸ್ತಾ ನಿಮಗೆ?"

"ಇಷ್ಟು ವರ್ಷಾನೂ ಹಿಂಗೇ ಅಂತಿದ್ಯಾ?"

"ಇದಕ್ಕಿಂತ ಜೋರಾಗೇ ಅಂತಿದ್ದೆ!"

ಟವಲ್ಲಿನಿಂದ ಶುರುವಾದ ಜಗಳ ಚಪ್ಪಲಿಗೆ, ಚಪ್ಪಲಿಯಿಂದ ಗೊರಕೆಗೆ ಹೋಯಿತು. ಸೊಸೆ ತನ್ನ ಕೆಲಸಕ್ಕೆ ಹಿಂದಿರುಗಿ ಮುಂದಿನ ಅಚ್ಚನ್ನು ಜಾಡಿಯೊಳಗಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಜಗಳದ ಸದ್ದು ನಿಂತಿತು. ಇಣುಕಿ ನೋಡಿದಳು: ಅತ್ತೆ ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಏನೋ ಹೇಳುತ್ತಿದ್ದರು, ಕೂಗದೆ, ಮೆಲ್ಲಗೆ. ಮಾವ ಹೂಂಗುಟ್ಟುತ್ತಿದ್ದರು.